ಬುಟ್ಟಿಯಿಂದ ಬಂದ ವಾಗ್ದಾನ

ಈಜಿಪ್ಟಿನ ನಮ್ಮ ಮಿನ್ಯಾ ಊರಿನ ಚರ್ಚಿನಲ್ಲಿ ವರ್ಷದ ಕೊನೆಯ ಪ್ರಾರ್ಥನೆ ಮುಗಿದ ಮೇಲೆ ಒಂದು ಬುಟ್ಟಿ ಸುತ್ತಿ ಬರುತ್ತದೆ. ಅದರ ತುಂಬ ಪವಿತ್ರ ಗ್ರಂಥದ ಒಂದೊಂದು ಸಾಲು ಬರೆದ ಚೀಟಿಗಳು. ಕಣ್ಣು ಮುಚ್ಚಿ ಎತ್ತಿಕೊಂಡದ್ದು ಆ ವರ್ಷಕ್ಕೆ ದೇವರು ನಿಮಗೆ ಕೊಟ್ಟ ವಾಗ್ದಾನ. ಹಿಂದಿನ ಸಲ ಇರೀನಿಗೆ ‘ಭಯಪಡಬೇಡ’ ಎಂದು ಬಂದಿತ್ತು. ಆ ವಾರವೇ ಅವಳ ಅತ್ತೆ ಪೆಟ್ಟಿಗೆ ಸಮೇತ ಬಂದಿಳಿದಿದ್ದರು.

ಈ ಸಲ ಅವಳ ಗಂಡ, ಬಟ್ಟೆ ಅಂಗಡಿಯ ಬಿಶಾಯ್, ಎತ್ತಿದ ಚೀಟಿಯಲ್ಲಿ ‘ಇದೆಲ್ಲವನ್ನೂ ನಿನಗೆ ಕೊಡುತ್ತೇನೆ’ ಎಂದಿತ್ತು.

ಮರುದಿನ ಬೆಳಿಗ್ಗೆ ಅವನು ಮಹಡಿ ಹತ್ತಿ ನಿಂತ. ‘ಇದೆಲ್ಲ’ ಎಂದರೆ ಯಾವುದೆಲ್ಲ ಎಂದು ನೋಡಬೇಕಿತ್ತು. ನೈಲ್ ನದಿ ಕಂಡಿತು, ಆಚೆ ದಡದ ಕಬ್ಬಿನ ಗದ್ದೆ ಕಂಡಿತು, ಚಿನ್ನದಂಗಡಿಯವರ ನಾಲ್ಕಂತಸ್ತಿನ ಮನೆ ಕಂಡಿತು. ಮನೆಯ ಮೇಲೆ ಕಣ್ಣು ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು. ಆ ಮನೆಯಲ್ಲಿ ಮದುವೆಯಾಗದ ಒಬ್ಬ ಮಗನಿದ್ದ.

ಕೆಳಗಿಳಿದು ಬಂದವನೇ, ಮಗಳು ದಮ್ಯಾನಾಗೆ ಗೊತ್ತಾಗಿದ್ದ ಸಂಬಂಧ ಬೇಡವೆಂದ. ಹುಡುಗ ಅಬಾನೂಬ್, ಬಡಗಿ ವದೀಹನ ಮಗ. ದಮ್ಯಾನಾ ಮನಸಾರೆ ಒಪ್ಪಿದ್ದವನು. ಜನವರಿ ಏಳಕ್ಕೆ ಬರುವ ನಮ್ಮ ಕ್ರಿಸ್‌ಮಸ್ ಕಳೆದ ಮೇಲೆ ನಿಶ್ಚಿತಾರ್ಥ ಎಂದು ಮಾತಾಗಿತ್ತು.

“ಚಿನ್ನದಂಥ ಹುಡುಗ ಅಂತ ಮೊನ್ನೆ ತನಕ ಕುಣಿದಾಡ್ತಿದ್ರಲ್ಲ!” ಎಂದಳು ಇರೀನಿ.

“ಮೊನ್ನೆ ತನಕ ನನ್ನ ಹತ್ರ ವಾಗ್ದಾನ ಇರ್ಲಿಲ್ವಲ್ಲೇ. ದೇವರು ಇಷ್ಟೆಲ್ಲ ಕೊಡ್ತೀನಿ ಅಂತಿರೋವಾಗ ಬಡಗಿ ಮಗ ಸಾಕು ಅಂದ್ರೆ ಆತಂಗೆ ಅವಮಾನ ಆಗಲ್ವಾ?”

ದಮ್ಯಾನಾ ಒಳಗೆ ಹೋಗಿ ಅತ್ತಳು. ಅಳುತ್ತಲೇ ಒಂದು ವಿಷಯ ನೆನಪಾಯಿತು. ಚೀಟಿಗಳನ್ನು ಬರೆದವರು ಭಾನುವಾರದ ಪಾಠ ಹೇಳುವ ಹುಡುಗಿಯರು. ಆ ಚೀಟಿ ಅವಳದೇ ಕೈಬರಹ. ಗಡಿಬಿಡಿಯಲ್ಲಿ ಪುಟ ತಿರುವುತ್ತ, ‘ಕೊಡುತ್ತೇನೆ’ ಎಂದಿದ್ದ ಸಾಲುಗಳನ್ನೆಲ್ಲ ಇಳಿಸಿಕೊಂಡಿದ್ದಳು. ಈಗ ಅದೇ ಪುಟ ಹುಡುಕಿ, ಮೇಲಿನ ಸಾಲು ಓದಿದಳು, ಕೆಳಗಿನದನ್ನೂ ಓದಿದಳು. ಓದಿ, ಅಮ್ಮನನ್ನು ಕರೆದಳು. ಅಮ್ಮ ಹಣೆ ಚಚ್ಚಿಕೊಂಡು, ನಾವು ‘ಅಬೂನಾ’ ಎಂದು ಕರೆಯುವ ಪಾದ್ರಿಗಳಿಗೆ ಹೇಳಿಕಳಿಸಿದಳು.

ಅಬೂನಾ ಬಿಸೆಂತಿ ಸಂಜೆ ಬಂದರು. ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು, ಹಾಲಿಲ್ಲದ ಚಹಾ ಕುಡಿದು ಚೀಟಿ ಕೈಗೆತ್ತಿಕೊಂಡರು.

“ಬಿಶಾಯ್, ಈ ಮಾತು ಯಾರು ಹೇಳಿದ್ದು ಗೊತ್ತೇನಪ್ಪಾ?”

“ದೇವರು.”

“ಸೈತಾನ. ಯೇಸುವನ್ನ ಎತ್ತರದ ಬೆಟ್ಟಕ್ಕೆ ಕರ್ಕೊಂಡು ಹೋಗಿ, ಲೋಕನೆಲ್ಲ ತೋರಿಸಿ, ನನ್ನ ಕಾಲಿಗೆ ಬಿದ್ರೆ ಕೊಡ್ತೀನಿ ಅಂದ.”

ಬಿಶಾಯ್ ಚೀಟಿಯ ಹಿಂಬದಿ ತಿರುಗಿಸಿ ನೋಡಿದ. “ಇದ್ರಲ್ಲಿ ಹಾಗಿಲ್ವಲ್ಲ ಅಬೂನಾ.”

“ಚೀಟೀಲಿ ಅಷ್ಟು ಜಾಗ ಎಲ್ಲಿದೆಯಪ್ಪಾ?”

“ಚರ್ಚಿನ ಬುಟ್ಟಿಗೆ ಸೈತಾನನ ಮಾತು ಹಾಕಿದೋರು ಯಾರು?”

“ನಾನೇ ಅಪ್ಪಾ,” ಎಂದಳು ದಮ್ಯಾನಾ.

ಬಿಶಾಯ್ ಚೀಟಿಯನ್ನು ಮುದುರಿ ಎಸೆದ. ಆದರೆ ಬಾಯಿಂದ ಹೊರಬಿದ್ದ ಮಾತನ್ನು ಅಷ್ಟು ಸುಲಭವಾಗಿ ನುಂಗುವ ಮನುಷ್ಯನಲ್ಲ. “ಚೀಟಿ ಹಾಳಾಗ್ಲಿ. ಆದ್ರೂ ಬಡಗಿ ಮಗ ಅಂದ್ರೆ...”

ಇರೀನಿ ಗ್ರಂಥ ತಂದು ಅವನ ತೊಡೆಯ ಮೇಲಿಟ್ಟಳು. ಒಂದು ಪುಟ ಬಿಡಿಸಿ, ಅಂಗೈಯಿಂದ ಮೇಲೆ ಕೆಳಗೆ ಮುಚ್ಚಿ, ಒಂದೇ ಸಾಲು ಕಾಣುವಂತೆ ಹಿಡಿದಳು. “ಓದಿ ನೋಡೋಣ.”

“‘ಇವನು ಆ ಬಡಗಿಯ ಮಗನಲ್ಲವೇ?’” ಬಿಶಾಯನ ಮುಖ ಅರಳಿತು. “ಅಯ್ಯೋ! ಇಷ್ಟು ಬಿಡಿಸಿ ಹೇಳಿದೆಯಲ್ಲೇ! ಇವನೇ ಕಣೇ, ಇವನೇ! ನನ್ನ ನಿಜವಾದ ವಾಗ್ದಾನ ಇದು!”

ಆ ಸಾಲು ಯೇಸುವಿನ ಸ್ವಂತ ಊರಿನವರು ಆತನನ್ನೇ ಕುರಿತು ಮೂಗು ಮುರಿದು ಆಡಿದ ಮಾತು. ಅಬೂನಾ ಬಿಸೆಂತಿ ಅದನ್ನು ವಿವರಿಸಲು ಬಾಯಿ ತೆರೆದರು.

“ಅಬೂನಾ, ಖರ್ಜೂರ ತಗೊಳ್ಳಿ,” ಎಂದು ದಮ್ಯಾನಾ ತಟ್ಟೆ ಮುಂದೆ ಹಿಡಿದಳು.

ಅಬೂನಾ ಅವಳ ಮುಖ ನೋಡಿದರು. ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯತೊಡಗಿದರು.

ಬಿಶಾಯ್ ಆಗಲೇ ಫೋನಿನಲ್ಲಿ ಕೂಗುತ್ತಿದ್ದ: “ವದೀಹಾ, ನಿನ್ನ ಮಗನ ವಿಷಯ ಗ್ರಂಥದಲ್ಲೇ ಬರೆದಿದೆಯಪ್ಪಾ!”