ಬೆಂಕಿ ಒಪ್ಪಿಕೊಂಡವರು

ಸಕಲ ಜೀವಿಗಳ ಮೂಗಿನ ಹೊಸ್ತಿಲಲ್ಲಿ, ಕರೆಯದೆಯೇ ಒಳಬಂದು ಕಳಿಸದೆಯೇ ಹೊರಹೋಗುವ ಮುಖ್ಯಪ್ರಾಣನೇ, ನಿನಗೆ ವಂದನೆ. ಒಡೆಯನ ಎದೆಯಲ್ಲೂ ತೊತ್ತಿನ ಎದೆಯಲ್ಲೂ ನೀನು ಒಂದೇ ಅಳತೆಯಲ್ಲಿ ಆಡುವೆ. ನಿನ್ನನ್ನು ಮಲಿನಗೊಳಿಸಿದವರ ಈ ವೃತ್ತಾಂತವನ್ನು ಹೇಳುವಾಗ ನಾಲಗೆ ಕೋಪಕ್ಕೆ ಜಾರದಿರಲಿ. ದಾಕ್ಷಿಣ್ಯಕ್ಕೆ ಅಂಜಿ ಸತ್ಯವನ್ನು ಮುಚ್ಚದಿರಲಿ.

ಆಳಂದದಿಂದ ನಿಂಬರ್ಗಾಕ್ಕೆ ಹೋಗುವ ಗಾಡಿದಾರಿಯ ಬದಿಗೆ ಒಂದು ಊರು. ಊರ ಮೂಡಲಿಗೆ ಹಣಮಂತರಾಯನ ಸುಣ್ಣದ ಭಟ್ಟಿ. ಅಲ್ಲಿ ಸುಟ್ಟ ಸುಣ್ಣ ಅಫಜಲಪುರ, ಜೇವರ್ಗಿಗಳ ವಾಡೆಗಳ ಗೋಡೆಗೇರುತ್ತಿತ್ತು. ಹೊಗೆ ಮಾತ್ರ ಊರಿಗೇ ಉಳಿಯುತ್ತಿತ್ತು. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಆಗ ಬೆಂಕಿ ಹಾಕಿದರೆ ಹೊಗೆ ಬಯಲಿಗೆ ಹೋದೀತು. ಆದರೆ ಮಳೆಯಲ್ಲಿ ಸುಣ್ಣ ಸುಡುವವರುಂಟೆ? ದೀಪಾವಳಿ ಕಳೆದು ಮೂಡಗಾಳಿ ಎದ್ದ ಮೇಲೆಯೇ ಭಟ್ಟಿಗೆ ಬೆಂಕಿ. ಕಲ್ಲಿದ್ದಲು ತುಟ್ಟಿಯಾದಂದಿನಿಂದ ಹಣಮಂತರಾಯನು ಹತ್ತಿ ಗಿರಣಿಯ ಎಣ್ಣೆಗಸವನ್ನೂ ಹಳೆಯ ತೊಗಲಿನ ಚೂರುಗಳನ್ನೂ ಕಲ್ಲಿನ ನಡುವೆ ತುಂಬಿಸತೊಡಗಿದ್ದ. ಆ ಹೊಗೆ ಮೇಲೇರದು. ನೆಲ ಹಿಡಿದು ನಡೆದು, ಕದದ ಸಂದಿನಿಂದ ಮನೆ ಹೊಗುತ್ತಿತ್ತು.

ಹಣಮಂತರಾಯ ದೈವಭೀರು. ಏಕಾದಶಿಗೆ ನೀರನ್ನೂ ಮುಟ್ಟದವನು. ಸುಣ್ಣದ ಕಲ್ಲಿನ ಬಿರುಕುಗಳಲ್ಲಿ ಇರುವೆ, ಚೇಳು, ಹಲ್ಲಿಗಳು ವಾಸಿಸುತ್ತವೆ, ಬೆಂಕಿಯಿಟ್ಟವನಿಗೆ ಅವುಗಳ ಹತ್ಯೆಯ ಪಾಪ ತಟ್ಟುತ್ತದೆ ಎಂದು ಅವನ ನಂಬಿಕೆ. ಆದ್ದರಿಂದ ಅವನ ತಂದೆಯ ಕಾಲದಿಂದ ಒಂದು ಪದ್ಧತಿ ನಡೆದುಬಂದಿತ್ತು. ಭಟ್ಟಿ ತುಂಬಿದ ದಿನ ಚಾವಡಿಯ ಮುಂದೆ ಊರ ಹಿರಿಯರು ಸೇರುವರು. ಒಡೆಯನು ಒಬ್ಬ ಕೂಲಿಯವನಿಗೆ ಹೊಸ ಧೋತರವನ್ನೂ ತೆಂಗಿನಕಾಯಿಯನ್ನೂ ಕೊಟ್ಟು, ಅವನ ಕೈಮೇಲೆ ನೀರು ಬಿಡುವನು. ಆ ಕೂಲಿಯವನು ಎಲ್ಲರಿಗೂ ಕೇಳುವಂತೆ, "ಈ ಬೆಂಕಿ ನಂದು, ಈ ಹೊಗಿ ನಂದು, ಇದರ ಪಾಪ ನಂದು" ಎನ್ನಬೇಕು. ಆಮೇಲೆಯೇ ಕೊಳ್ಳಿ.

ಹಲವು ವರ್ಷಗಳಿಂದ ಆ ನೀರು ಬೀಳುತ್ತಿದ್ದುದು ಮಲಂಗಸಾಬನ ಕೈಮೇಲೆ. ಅವನಿಗೆ ಅದೊಂದು ವಿನೋದ.

"ಹುಳದ ಗುನ್ಹಾ ನಮ್ಮ ಲೆಕ್ಕದಾಗ ಬರಂಗಿಲ್ರಿ ರಾಯರ," ಎನ್ನುತ್ತಿದ್ದ. "ನಿಮಗ ಭಾರ ಆದದ್ದು ನನಗ ಹಗುರ. ಇನ್ನೂ ಎರಡು ಪಾಪ ಇದ್ರ ಕೊಡ್ರಿ, ಧೋತ್ರ ಮಾತ್ರ ಉದ್ದಂದು ಕೊಡ್ರಿ."

ಹಿರಿಯರು ನಗುತ್ತಿದ್ದರು. ಹಣಮಂತರಾಯನೂ ನಗುತ್ತಿದ್ದ.

ಚಾವಡಿಯ ಹಿಂದಿನ ಓಣಿಯಲ್ಲಿ ಮಥುರಾಬಾಯಿಯ ಮನೆ. ಗಂಡ ವ್ಯಂಕಟೇಶ ಪ್ಲೇಗಿನಲ್ಲಿ ತೀರಿಹೋದ ಮೇಲೆ ಅವಳಿಗೆ ಉಳಿದದ್ದು ಮಗಳು ಪ್ರಮಿಲಾ ಒಬ್ಬಳೇ. ಮಗುವಿಗೆ ಹುಟ್ಟಿನಿಂದಲೇ ಗೂರಲು. ಭಟ್ಟಿ ಹೊತ್ತಿತೆಂದರೆ ಅವಳು ಮಲಗಲಾರಳು. ಕಂಬಕ್ಕೆ ಬೆನ್ನು ಕೊಟ್ಟು, ಹೆಗಲೆರಡನ್ನೂ ಕಿವಿಯವರೆಗೆ ಎತ್ತಿ ಕೂಡುವಳು. ತುಟಿ ನೇರಳೆಬಣ್ಣಕ್ಕೆ ತಿರುಗುವುದು. "ಅವ್ವಾ" ಎಂದು ಒಮ್ಮೆ ಅಂದರೆ ಮುಂದಿನ ಮಾತಿಗೆ ಉಸಿರು ಹುಡುಕಬೇಕು. ಒಂದು ಚಳಿಗಾಲ ಅವಳನ್ನು ಜೇವರ್ಗಿ ಕಡೆಯ ಕೊಳಕೂರಿಗೆ, ತವರಿನ ಅಣ್ಣ ಪ್ರಹ್ಲಾದನ ಮನೆಗೆ ಕರೆದೊಯ್ದಾಗ ಮಗು ಓಡಿಯಾಡಿ, ಜೋಳದ ಹೊಲದಲ್ಲಿ ಹಕ್ಕಿ ಓಡಿಸಿ, ಜೋರಾಗಿ ಹಾಡಿತ್ತು. ಹೊಗೆಯಿಲ್ಲದಿದ್ದರೆ ಮಗಳು ಬದುಕುವಳೆಂಬುದನ್ನು ತಾಯಿ ಕಣ್ಣಾರೆ ಕಂಡಿದ್ದಳು. ಆದರೆ ನಾಡಿನಲ್ಲಿ ದೊಂಬಿಯೆದ್ದ ವರ್ಷ ಪ್ರಹ್ಲಾದನ ಕುಟುಂಬ ಮನೆ ಬಿಟ್ಟು ಸೊಲ್ಲಾಪುರದ ಕಡೆ ಓಡಿಹೋಯಿತು. ಆ ಮನೆ ಬೂದಿಯಾಯಿತು. ಮಥುರಾಬಾಯಿಗೆ ಹೋಗಲು ಬೇರೆ ಊರಿರಲಿಲ್ಲ.

ಮೂಡಗಾಳಿಯಲ್ಲಿ ಊರ ಮೇಲೆ ಹೊಗೆ ಬಿಡಬಾರದೆಂಬ ಹುಕುಮು ನಿಜಾಮಶಾಹಿಯಲ್ಲಿಯೂ ಇತ್ತು. ತಪ್ಪಿದವನು ದಂಡ ಕಟ್ಟಬೇಕು. ನಲವತ್ತೇಳರ ಚಳಿಗಾಲದಲ್ಲಿ ಮಥುರಾಬಾಯಿ ಫಿರ್ಯಾದಿ ಕೊಟ್ಟಳು. ಹಣಮಂತರಾಯ ನಿಜಾಮನ ದರಬಾರಿನವರಂತೆ ರೂಮಿ ಟೋಪಿ ಧರಿಸಿ ಕಚೇರಿಗೆ ಹೋಗಿ, ದಂಡ ಕಟ್ಟಿ, ಬರುವಾಗ ಅವಳ ಅಂಗಳದಲ್ಲಿ ನಿಂತ.

"ದಂಡ ಕಟ್ಟೇನ್ರಿ ಬಾಯಾರ. ಮುಂದಿನ ಬೆಂಕಿದೂ ಈಗೇ ಕಟ್ಟಿ ಬಂದೇನಿ. ನೀವು ಮತ್ತ ತ್ರಾಸ ತಗೋಬ್ಯಾಡ್ರಿ, ಬಿಸಲಾಗ ನಡದು ಸುಸ್ತಾಗ್ತೀರಿ."

ಮರುವರ್ಷ ಭಾದ್ರಪದದಲ್ಲಿ ನಿಜಾಮಶಾಹಿ ಮುಗಿಯಿತು. ಸೈನ್ಯ ಬಂದು ಹೋದ ಬೆನ್ನಿಗೆ, ನೆನೆಯಲಾಗದ ಕೆಲವು ದಿನಗಳಲ್ಲಿ, ನಿನ್ನೆಯವರೆಗೆ ಒಂದೇ ಬಾವಿಯ ನೀರು ಕುಡಿದವರು ಕೊಡಲಿ ಹಿಡಿದು ಸಾಬರ ಓಣಿಯ ಬಾಗಿಲು ತಟ್ಟಿದರು. ಮಲಂಗಸಾಬ, ಅವನ ಹೆಂಡತಿ ಪ್ಯಾರಿಬಿ ಮತ್ತು ಎದೆಹಾಲಿನ ಕೂಸನ್ನು ಹಣಮಂತರಾಯ ಬಾಗಿಲು ತೆಗೆದು ಒಳಗೆ ಕರೆದು, ತನ್ನ ಹಿತ್ತಲಿನ ಜೋಳದ ಕಣಕಿ ಬಣವೆಯ ಹಿಂದೆ ಅಡಗಿಸಿಟ್ಟ. ಅವನ ಜೀವನದಲ್ಲಿ ಅದೊಂದು ಪುಣ್ಯಕಾರ್ಯವೆಂದು ಜನ ಹೊಗಳಿದರು. ಆ ಹೊಗಳಿಕೆ ಸುಳ್ಳಲ್ಲ.

ಕಾರ್ತಿಕದಲ್ಲಿ ಹೊಸ ಸರಕಾರದ ಅಧಿಕಾರಿ ಊರಿಗೆ ಮೊಕ್ಕಾಮು ಬಂದ. ತರುಣ, ಧಾರವಾಡದ ಕಡೆಯವನು, ಅನ್ಯಾಯವನ್ನು ಬೇರುಸಹಿತ ಕೀಳುವ ಹುಮ್ಮಸ್ಸು ಅವನ ಮುಖದಲ್ಲಿ ಹೊಳೆಯುತ್ತಿತ್ತು. ಮಥುರಾಬಾಯಿ ಮಗಳನ್ನು ಬಗಲಲ್ಲಿ ಎತ್ತಿಕೊಂಡು ಚಾವಡಿಗೆ ಬಂದಳು. ಹಣಮಂತರಾಯ ಬಿಳಿಯ ಖಾದಿ ಟೋಪಿ ಧರಿಸಿ ಅಧಿಕಾರಿಯ ಬಲಕ್ಕೆ ಕುಳಿತಿದ್ದ.

"ದಂಡ ಕಟ್ಟಿಸಿದ್ದಾರಲ್ಲವ್ವಾ, ಇನ್ನೇನು?" ಎಂದ ಅಧಿಕಾರಿ.

"ಅದು ದಂಡ ಅಲ್ರಿ ಸಾಹೇಬ್ರ. ಹೊಗಿಗೆ ಕೊಡೂ ಬಾಡಿಗಿ," ಎಂದಳು ಅವಳು. "ಉಳ್ಳವ್ರು ಬಾಡಿಗಿ ಕೊಟ್ಟು ನಮ್ಮ ಎದಿಯಾಗ ಇರಾಕತ್ತಾರ. ಈ ಕೂಸಿನ ಬೆನ್ನ ಮ್ಯಾಲ ಕೈ ಇಡ್ರಿ, ನಿಮಗ ತಿಳೀತದ."

ಅಧಿಕಾರಿ ಕೈಯಿಟ್ಟ. ಮಗುವಿನ ಪಕ್ಕೆಲುಬುಗಳು ಅವನ ಅಂಗೈಯೊಳಗೆ ಸಿಕ್ಕಿಬಿದ್ದ ಹಕ್ಕಿಯಂತೆ ಒದ್ದಾಡಿದವು. ಅವನು ಕೈ ಹಿಂತೆಗೆದುಕೊಂಡ.

"ಏನು ಶಿಕ್ಷೆಯಾದರೆ ನಿಂತೀತು?"

"ಜೇಲಿಗೆ ಹಾಕ್ರಿ. ಕಬೂಲ ಮಾಡಿದ ಮ್ಯಾಲ ಯಾವ ವಕೀಲನೂ ಬಿಡಸಬಾರ್ದು, ಹಂಗ."

ಅಂದೇ ಡಂಗುರ ಸಾರಲಾಯಿತು. ದಂಡ ರದ್ದು, ಇನ್ನು ಮುಂದೆ ಮೂಡಗಾಳಿಯಲ್ಲಿ ಊರ ಮೇಲೆ ಹೊಗೆ ಬಿಟ್ಟವನಿಗೆ ಆರು ತಿಂಗಳ ಸಕ್ತ ಸಜಾ, ತಪ್ಪೊಪ್ಪಿದವನಿಗೆ ಮೇಲ್ಮನವಿಯಿಲ್ಲ. ಜನ ತಲೆದೂಗಿದರು. ಎಲ್ಲರಿಗಿಂತ ಮೊದಲು ಎದ್ದು ಅಧಿಕಾರಿಗೆ ಹಾರ ಹಾಕಿದವನು ಹಣಮಂತರಾಯ.

ಹದಿನೈದು ದಿನವೂ ಕಳೆಯಲಿಲ್ಲ, ಭಟ್ಟಿ ತುಂಬಿತು. ಚಾವಡಿಯ ಮುಂದೆ ಧೋತರವೂ ತೆಂಗಿನಕಾಯಿಯೂ ಬಂದವು. ಈ ಸಲ ಮಲಂಗಸಾಬ ನಗಲಿಲ್ಲ.

"ಈ ವರ್ಷ ಬ್ಯಾಡ್ರಿ ರಾಯರ. ಡಂಗುರ ನಾನೂ ಕೇಳೇನಿ."

"ಡಂಗುರ ಹೆದರ್ಸಾಕ ಬಾರಸ್ತಾರಲೇ ಮಲಂಗ್ಯಾ," ಎಂದ ಹಣಮಂತರಾಯ, ಮೆಲ್ಲಗೆ, ಮಗುವಿಗೆ ತಿಳಿಹೇಳುವವನಂತೆ. "ನಾ ಇಲ್ಲೇನು? ಆ ದಿನ ಬಾಗಲಾ ತಗದಾಂವ ಯಾರು? ನಾ ಒಳಗಿಂದ ಚಿಲಕ ಹಾಕ್ಕೊಂಡಿದ್ರ ನೀ ಈಗ ಬ್ಯಾಡ ಅನ್ನಾಕ ಇರ್ತಿದ್ದಿ?"

ಮಲಂಗಸಾಬ ಹೆಂಡತಿಯ ಕಡೆ ನೋಡಿದ. ಪ್ಯಾರಿಬಿ ಕೂಸಿನ ತಲೆಯ ಮೇಲೆ ಸೆರಗೆಳೆದಳು. ಅವನು ಕೈಚಾಚಿದ. ನೀರು ಬಿತ್ತು. "ಈ ಬೆಂಕಿ ನಂದು, ಈ ಹೊಗಿ ನಂದು, ಇದರ ಪಾಪ ನಂದು." ಆ ಮಾತು ಓಣಿಯ ಕಿಟಕಿಯಲ್ಲಿ ನಿಂತ ಮಥುರಾಬಾಯಿಗೂ ಕೇಳಿಸಿತು. ಅದು ಅವಳಿಗೆ ವರ್ಷವರ್ಷವೂ ಕೇಳಿ ಸವೆದುಹೋದ ಮಾತು. ಅವಳು ಅದರ ಕಡೆ ಲಕ್ಷ್ಯ ಕೊಡಲಿಲ್ಲ. ಭಟ್ಟಿ ಹಣಮಂತರಾಯನದೆಂದು ಊರಿಗೆ ಊರೇ ಬಲ್ಲದು. ಇನ್ನು ಅವನು ತಪ್ಪಿಸಿಕೊಳ್ಳಲಾರನೆಂದು ನಿಶ್ಚಯಿಸಿ, ಹೊಗೆ ಕದದ ಸಂದಿನಲ್ಲಿ ಕಾಣಿಸಿದೊಡನೆ ಫಿರ್ಯಾದಿ ಬರೆಸಿದಳು.

ಅಧಿಕಾರಿ ಬಂದ. ಚಾವಡಿ ತುಂಬಿತು. ಹಣಮಂತರಾಯ ಕಂಬಳಿಯ ಮೇಲೆಯೂ ಕೂಡದೆ ಬರಿನೆಲದ ಮೇಲೆ ಕೈಜೋಡಿಸಿ ಕುಳಿತ.

"ಈ ಬೆಂಕಿ ಯಾರದು?" ಎಂದು ಅಧಿಕಾರಿ ಕೇಳಿದ.

ಹಿರಿಯರಲ್ಲಿ ಚಂದಪ್ಪನೆಂಬವನು ಎದ್ದು ಕಂಡದ್ದನ್ನು ಕಂಡಂತೆ ಹೇಳಿದ: ಮಲಂಗಸಾಬ ನೀರು ಹಿಡಿದ, ಬೆಂಕಿ ತನ್ನದೆಂದ, ಹೊಗೆ ತನ್ನದೆಂದ. ಉಳಿದವರೂ ಹಾಗೆಯೇ ಹೇಳಿದರು. ಯಾರೂ ಸುಳ್ಳಾಡಲಿಲ್ಲ.

"ಹೌದೇನಪ್ಪಾ?"

ಮಲಂಗಸಾಬ ಹಣಮಂತರಾಯನನ್ನೇ ನೋಡುತ್ತ ನಿಂತ. ಹಣಮಂತರಾಯ ನೆಲ ನೋಡುತ್ತಿದ್ದ.

"ಹೌದ್ರಿ, ಅಂದೇನಿ," ಎಂದ ಮಲಂಗಸಾಬ. "ಪ್ರತಿ ಸಲ ಅಂತೇನ್ರಿ. ಅದು ಹುಳಗೋಳ ಸಲುವಾಗಿ..."

ಯಾರೋ ಹಿಂದಿನಿಂದ ನಕ್ಕರು. ಅಧಿಕಾರಿಗೆ ಹುಳಗಳ ಸಂಗತಿ ಅರ್ಥವಾಗಲಿಲ್ಲ. ಅವನು ಅದನ್ನು ಕೇಳಲೂ ಇಲ್ಲ.

ಮಥುರಾಬಾಯಿ ಮುಂದೆ ಬಂದಳು. "ಸಾಹೇಬ್ರ, ಭಟ್ಟಿ ಇವರ್ದು. ಕಸ ತುಂಬಿಸಿದವ್ರು ಇವ್ರು. ಆ ಬಡವ ಕೂಲಿ ಮಾಡಾಂವ."

"ರಾಯರೇ?"

"ಭಟ್ಟಿ ನಮ್ಮ ಹಿರಿಯರದ್ರಿ, ಕಲ್ಲು ಮಣ್ಣು," ಎಂದ ಹಣಮಂತರಾಯ. "ಬೆಂಕಿ ಹಾಕು ಅಂತ ನಾ ಒಬ್ಬನಿಗೂ ಹೇಳಿಲ್ರಿ. ಡಂಗುರ ಕೇಳಿದ ಮ್ಯಾಲ ನನಗೇ ಭಯ. ಬಾಯಾರು ಸತ್ಯವಂತರು, ಅವರನ್ನ ಕೇಳ್ರಿ. ತುಳಸಿ ಕೊಟ್ಟು ಕೇಳ್ರಿ. ಅವರು ಹೇಳಿದ್ದಕ್ಕ ನಾ ಕಟ್ಟುಬೀಳ್ತೇನಿ."

ತುಳಸಿ ತಂದರು. ಮಥುರಾಬಾಯಿಯ ಅಂಗೈಯಲ್ಲಿ ಆ ದಳ ಇಟ್ಟರು. ಹುಟ್ಟಿದಂದಿನಿಂದ ಅವಳು ತುಳಸಿ ಹಿಡಿದು ಅಸತ್ಯವನ್ನಾಡಿದವಳಲ್ಲ. ಆಡಿದರೆ ಆ ಪಾಪ ತನ್ನ ಮಗುವಿಗೇ ತಟ್ಟುವುದೆಂದು ನಂಬಿದವಳು.

"ಅವ್ವಾ, ಬೆಂಕಿ ನಂದು ಅಂತ ಈ ಮನುಷ್ಯ ಅಂದದ್ದನ್ನು ನೀವು ಕೇಳಿದಿರೋ ಇಲ್ಲವೋ? ಅಷ್ಟು ಹೇಳಿ."

ಅವಳು ಪ್ಯಾರಿಬಿಯನ್ನು ನೋಡಿದಳು. ತನ್ನ ಮಗಳನ್ನು ನೋಡಿದಳು.

"ಕೇಳೇನಿ," ಎಂದಳು.

ಆರು ತಿಂಗಳು. ತಪ್ಪೊಪ್ಪಿದವನಿಗೆ ಮೇಲ್ಮನವಿಯಿಲ್ಲ. ಹೊಸ ರಾಜ್ಯದಲ್ಲಿ ಆ ಹೆಸರಿನವನಿಗಾಗಿ ಬೇಡಿಕೊಳ್ಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ಅವನನ್ನು ಕಲಬುರ್ಗಿಗೆ ಒಯ್ಯುವಾಗ ಮಥುರಾಬಾಯಿ ದಾರಿಗಡ್ಡ ನಿಂತು ಅಧಿಕಾರಿಯ ಕಾಲು ಹಿಡಿಯಹೋದಳು. ಅವನು ಹಿಂದೆ ಸರಿದು ಗೌರವದಿಂದಲೇ ಹೇಳಿದ:

"ನೀವೇ ಬೇಡಿದ ಶಿಕ್ಷೆಯವ್ವಾ. ಒಪ್ಪಿಕೊಂಡವನನ್ನು ಬಿಟ್ಟು ಒಪ್ಪದವನನ್ನು ಹಿಡಿಯಲೇ? ಅದು ಯಾವ ನ್ಯಾಯ?"

ಸುಟ್ಟ ಸುಣ್ಣವನ್ನು ತೆಗೆದು ಭಟ್ಟಿಯನ್ನು ಮತ್ತೆ ತುಂಬಿದರು. ಈಗ ಪಾಪದೊಂದಿಗೆ ಜೈಲೂ ಸೇರಿದ್ದರಿಂದ ನೀರು ಹಿಡಿಯಲು ಯಾವ ಗಂಡಸೂ ಮುಂದೆ ಬರಲಿಲ್ಲ. ಹಣಮಂತರಾಯ ಯಾರನ್ನೂ ಒತ್ತಾಯಿಸಲಿಲ್ಲ. ಪ್ಯಾರಿಬಿಯ ಗುಡಿಸಲು ಅವನ ಜಾಗದಲ್ಲಿತ್ತು. ಗಂಡನಿಲ್ಲದ ಮನೆ, ಕಾಲ ಚೊಲೋ ಇಲ್ಲ, ತಾನು ಎಷ್ಟು ದಿನ ಕಾಯಲಾದೀತು ಎಂದಷ್ಟೇ ಅವಳ ಬಾಗಿಲಲ್ಲಿ ನಿಂತು ಹೇಳಿ ಹೋದ.

ಚಾವಡಿಯ ಮುಂದೆ ಈ ಸಲ ಧೋತರದ ಬದಲು ಸೀರೆ ಬಂತು. ಪ್ಯಾರಿಬಿ ಕೂಸನ್ನು ಎಡಗೈಗೆ ಬದಲಿಸಿಕೊಂಡು ಬಲಗೈ ಚಾಚಿದಳು. ಮೂರು ಮಾತುಗಳನ್ನೂ ಹೇಳಿದಳು. ಆಮೇಲೆ ನೇರವಾಗಿ ಮಥುರಾಬಾಯಿಯ ಕಿಟಕಿಯ ಕೆಳಗೆ ಬಂದು ನಿಂತಳು.

"ಕೇಳಿದ್ರೇನ್ರಿ ಬಾಯಾರ? ಕೇಳ್ಸಿರ್ಲಿಕ್ಕಿಲ್ಲ ಅಂತ ಹತ್ರ ಬಂದೇನಿ. ಬರೀಸ್ರಿ ಇನ್ನೊಂದು ಅರ್ಜಿ. ತುಳಸಿ ನಾನೇ ಕಿತ್ತು ತರ್ತೇನಿ. ನನ್ನ ಕೂಸಿನ್ನ ನನ್ನ ಸಂಗಾಟ ಜೇಲಿನ್ಯಾಗ ಬಿಡ್ತಾರೋ ಇಲ್ಲೋ, ಅದೊಂದು ಕೇಳಿ ಹೇಳ್ರಿ."

ಮಥುರಾಬಾಯಿ ಕಿಟಕಿ ಮುಚ್ಚಿದಳು. ಸಂದುಗಳಿಗೆ ಒದ್ದೆಬಟ್ಟೆ ತುರುಕಿದಳು. ಹೊಗೆ ಹಂಚಿನ ನಡುವಿನಿಂದ ಇಳಿಯಿತು. ಪ್ರಮಿಲಾ ಕಂಬಕ್ಕೆ ಒರಗಿ ಕುಳಿತು, "ಅರ್ಜಿ... ಕೊಡವ್ವಾ..." ಎಂದಳು. ಎರಡು ಮಾತಿನ ನಡುವೆ ಬಹಳ ಹೊತ್ತು ಹೋಯಿತು. ತಾಯಿ ಮಗಳ ಬೆನ್ನು ತಿಕ್ಕುತ್ತ ಕುಳಿತಳೇ ಹೊರತು ಎದ್ದು ಹೊರಡಲಿಲ್ಲ. ಫಿರ್ಯಾದಿ ಕೊಟ್ಟರೆ ಭಟ್ಟಿ ಆರದು, ಮತ್ತೊಂದು ಕೂಸು ತಾಯಿಯನ್ನು ಕಳೆದುಕೊಳ್ಳುವುದು; ಕೊಡದಿದ್ದರೆ ತನ್ನದು ಬದುಕದು. ಶಿಕ್ಷೆ ಹಗುರಾಗಿದ್ದಾಗ ಅವಳಿಗೆ ಬಾಯಾದರೂ ಇತ್ತು.

ಮಾರ್ಗಶಿರದ ಕೊನೆಯಲ್ಲಿ, ಭಟ್ಟಿ ಮೂರನೆಯ ಸಲ ಉರಿಯುತ್ತಿದ್ದ ಒಂದು ಮಧ್ಯಾಹ್ನ, ಪ್ರಮಿಲಾಳ ಎತ್ತಿದ ಹೆಗಲುಗಳು ಕೆಳಗಿಳಿದವು. ಉಸಿರು ಸಲೀಸಾಯಿತೆಂದು ತಾಯಿ ಕ್ಷಣಕಾಲ ಹಿಗ್ಗಿದಳು.

ಹಣಮಂತರಾಯ ಸಂತಾಪಕ್ಕೆ ಬಂದ. ಚಿತೆಗೆ ಬೇಕಾದ ಕಟ್ಟಿಗೆಯನ್ನು ತಾನೇ ಕಳಿಸಿದ್ದ; ಒಣಗಿದ, ಹೊಗೆಯಾಡದ ಜಾಲಿಕಟ್ಟಿಗೆ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅಧಿಕಾರಿಯೂ ಅಂದು ಊರಲ್ಲಿದ್ದುದರಿಂದ ಬಂದು ಅಂಗಳದಲ್ಲಿ ನಿಂತ.

"ಯಾರ ಮೇಲಾದರೂ ಫಿರ್ಯಾದಿ ಉಂಟೇನವ್ವಾ? ಹೇಳಿ. ಕಾನೂನು ಈಗ ಬಲವಾಗಿದೆ."

ಬೇಲಿಯ ಆಚೆ ಪ್ಯಾರಿಬಿ ಹೊಸ ಸೀರೆಯಲ್ಲಿ, ಕೂಸನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವಳ ಮುಖದಲ್ಲಿ ಅಣಕವಿರಲಿಲ್ಲ, ಬರಿಯ ಭಯವಿತ್ತು.

"ಯಾರ ಮ್ಯಾಲೂ ಇಲ್ರಿ," ಎಂದಳು ಮಥುರಾಬಾಯಿ.

ಅಧಿಕಾರಿ ತಲೆಯಾಡಿಸಿದ. ಶಿಕ್ಷೆಯನ್ನು ಕಠಿಣಗೊಳಿಸಿದ ಮೇಲೆ ಈ ಊರಿನಿಂದ ಹೊಗೆಯ ಬಗ್ಗೆ ಒಂದೇ ಒಂದು ಪ್ರಕರಣ ಬಂದು ಆಮೇಲೆ ಪೂರ್ತಿ ನಿಂತುಹೋದದ್ದನ್ನು ಮೇಲಿನವರಿಗೆ ತಿಳಿಸುವುದಾಗಿಯೂ, ಇದೇ ನಿಯಮವನ್ನು ಅಫಜಲಪುರ, ಜೇವರ್ಗಿಗಳಿಗೂ ವಿಸ್ತರಿಸಲು ಕೋರುವುದಾಗಿಯೂ ಹಣಮಂತರಾಯನಿಗೆ ಹೇಳುತ್ತ ನಡೆದ. ಹಣಮಂತರಾಯ ಅದನ್ನು ಅನುಮೋದಿಸಿದ.

ಇದನ್ನು ಕೇಳಿದವರೆಲ್ಲರ ಮಕ್ಕಳಿಗೆ, ಆರಂಭಿಸಿದ ನಗೆ ಮುಗಿಯುವವರೆಗೂ ಉಸಿರು ಸಾಲಲಿ. ನ್ಯಾಯ ಬೇಡಲು ಎದ್ದವರಿಗೆ, ಯಾರ ಕೈಗೆ ಬೇಡಿ ಬೀಳುವುದೆಂದು ಮೊದಲೇ ಕಾಣುವ ಕಣ್ಣು ದೊರೆಯಲಿ. ಕೇಳಿದ ಕಿವಿಗಳಿಗೆ ಕ್ಷೇಮ, ಕೇಳಿ ಮರುಗಿದ ಮನೆಗಳಿಗೆ ಆಯುಸ್ಸು, ಮರುಗದವರಿಗೂ ಒಂದು ದಿನ ಕರುಣೆ, ಶ್ರೀಹರಿಯ ದಯದಿಂದ ಉಂಟಾಗಲಿ.