ಮೆಲ್ರಾಯ್‌ನ ಕೈಪಟ್ಟಿ

ತಪ್ಪು ನನ್ನದೂ ಇದೆ. ಪರೀಕ್ಷೆಯ ದಿನ ಟ್ರಾಮಿನಲ್ಲಿ ಮೆಲ್ರಾಯ್‌ನ ಎಡಗೈಯಲ್ಲಿ ಆ ಪಟ್ಟಿ ಇದ್ದದ್ದನ್ನು ನಾನು ನೋಡಿದ್ದೆ. ದಿನವಿಡೀ ಅವನ ತಲೆ ತಿನ್ನುವ ನನಗೆ 'ಬಿಚ್ಚು' ಅನ್ನಲು ಅವತ್ತೇ ಬಾಯಿ ಬರಲಿಲ್ಲ.

ಜರ್ಮನಿಯ ಹ್ಯಾನೋವರ್‌ನ ನಮ್ಮ ಯೂನಿವರ್ಸಿಟಿ ತಂಡಕ್ಕೆ ಅವನು ಕ್ವಾರ್ಟರ್‌ಬ್ಯಾಕ್. ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಅಮೆರಿಕದವರದು. ಮೊಟ್ಟೆಯಾಕಾರದ ಚೆಂಡನ್ನು ಅವನು ಎಸೆಯಬೇಕು, ನಾನು ಓಡಿ ಹಿಡಿಯಬೇಕು. ಯಾರು ಎತ್ತ ಓಡಬೇಕೆಂಬುದೆಲ್ಲ ಅಂಕಿ, ಬಾಣಗಳಲ್ಲಿ ಆ ಪಟ್ಟಿಯ ಪ್ಲಾಸ್ಟಿಕ್ಕಿನಡಿ ಇರುತ್ತದೆ. ಕೋಚ್ ನಂಬರು ಕೂಗಿದರೆ ಎಲ್ಲರೂ ಕೈ ನೋಡಿಕೊಳ್ಳುತ್ತೇವೆ. ಬೆಳಗಿನ ಪ್ರ್ಯಾಕ್ಟೀಸಿನಿಂದ ನೇರ ಪರೀಕ್ಷೆಗೆ ಹೋದವನು ಅದನ್ನು ಬಿಚ್ಚಲು ಮರೆತ. ಬರೆಯುವಾಗ ಅಂಗಿಯ ತೋಳು ಮೇಲೇರಿತು, ಮೇಲ್ವಿಚಾರಕರ ಕಣ್ಣಿಗೆ ಬಿತ್ತು.

ಕ್ಲಾಸಿಗೇ ಮೊದಲು ಬರುವವನ ಮೇಲೆ ನಕಲಿನ ಆರೋಪ! ರುಜುವಾತಾದರೆ ಕೋರ್ಸಿನಿಂದಲೇ ಹೊರಗೆ. ಉಡುಪಿಯಲ್ಲಿರುವ ಅಮ್ಮನಿಗೆ ಅವನು ಏನೂ ಹೇಳಿರಲಿಲ್ಲ. ನನಗಂತೂ ಅನ್ನ ಸೇರುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ವಿಚಾರಣೆ.

"ಇದ್ರೀಸ್, ಆಟದ್ದು ಅಂತ ಹೇಳಿದ್ರೆ ಇವ್ರು ನಂಬ್ತಾರಾ ಮಾರಾಯಾ?" ಅಂದ ಬಾಗಿಲ ಬಳಿ.

"ಇದ್ದಿದ್ದು ಇದ್ದಂಗೆ ಹೇಳು ಮಗಾ. ಸುಳ್ಳು ಹೇಳಕ್ಕೆ ನಿಂಗೆಲ್ಲಿ ಬರತ್ತೆ?"

ಒಳಗೆ ಮೂವರು ಪ್ರೊಫೆಸರುಗಳು. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. "ಇವು ಸೂತ್ರಗಳಲ್ಲ ಅಂತ ನಾನು ಹೇಗೆ ನಂಬಲಿ?" ಎಂದು ಸಮಿತಿಯ ಅಧ್ಯಕ್ಷೆ ಜರ್ಮನ್‌ನಲ್ಲಿ ಕೇಳಿದ್ದು ಹೊರಗಿದ್ದ ನನಗೂ ಕೇಳಿಸಿತು. ಆಗ ಹೊಳೆಯಿತು, ನನ್ನ ಪಟ್ಟಿ ಬ್ಯಾಗಿನಲ್ಲೇ ಇದೆ! ಕರೆಯದೆ ಒಳಗೆ ಹೋಗುವುದು ಈ ದೇಶದಲ್ಲಿ ದೊಡ್ಡ ಅಪರಾಧ. ನಾನು ಹೋದೆ.

ಬೆಳ್ಳಿಕೂದಲ ಅಧ್ಯಕ್ಷೆ ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಆದರೂ ಸಮಾಧಾನವಾಗಲಿಲ್ಲ. ನಮ್ಮಿಬ್ಬರನ್ನೂ ಬೇರೆ ಬೇರೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂರಿಸಿ, ಒಂದೊಂದು ಹಾಳೆ ಕೊಟ್ಟು, "ಮೂವತ್ತೊಂದನೇ ನಂಬರಿನಲ್ಲಿ ಇದ್ರೀಸ್ ಎತ್ತ ಓಡುತ್ತಾನೆ? ಬರೆಯಿರಿ" ಅಂದರು.

ನಾನು ಐದು ಹೆಜ್ಜೆಯಷ್ಟು ನೇರ ಗೆರೆ ಎಳೆದು, ಎಡಕ್ಕೆ ತಿರುಗಿಸಿದೆ. ಹಾಳೆ ಕೊಟ್ಟ ಮೇಲೆ ನೆನಪಾಯಿತು. ಮೂವತ್ತೊಂದಕ್ಕೆ ಬಲಕ್ಕೆ ತಿರುಗಬೇಕು! ಪಂದ್ಯದಲ್ಲೂ ನನಗೆ ಇದೇ ರೋಗ. ಗೆಳೆಯನನ್ನು ಉಳಿಸಲು ಬಂದು ಮುಳುಗಿಸಿಬಿಟ್ಟೆನಲ್ಲ.

ಅಧ್ಯಕ್ಷೆ ಹಾಳೆಗಳನ್ನು ನೋಡುತ್ತಲೇ ಇದ್ದರು. ಆಮೇಲೆ ನಕ್ಕರು. ಮೆಲ್ರಾಯ್‌ನ ಹಾಳೆಯಲ್ಲಿ ಎರಡು ಗೆರೆಗಳಿದ್ದವು. ಬಲಕ್ಕೆ ದಪ್ಪ ಗೆರೆ, ಎಡಕ್ಕೆ ಚುಕ್ಕಿಗಳ ಗೆರೆ. ಚುಕ್ಕಿಗಳ ಪಕ್ಕದಲ್ಲಿ ಬರೆದಿದ್ದ: 'ಇದ್ರೀಸ್ ಪ್ರತಿ ಸಲ ಹೀಗೆ ಓಡುತ್ತಾನೆ. ನಾನು ಅಲ್ಲಿಗೇ ಎಸೆಯುತ್ತೇನೆ.'

ಒಂದು ವರ್ಷದಿಂದ ನನ್ನ ತಪ್ಪಿಗೇ ಎಸೆಯುತ್ತಿದ್ದಾನೆ, ಒಂದು ಮಾತೂ ಹೇಳಿಲ್ಲ ಕಳ್ಳ!

"ಕೇಸು ಮುಗಿಯಿತು," ಎಂದು ಅಧ್ಯಕ್ಷೆ ಫೈಲು ಮುಚ್ಚಿದರು. "ಒಂದು ಪ್ರಶ್ನೆ. ಮೆಲ್ರಾಯ್‌ನ ಪಟ್ಟಿಯ ಕೆಳಗೆ ಪೆನ್ನಿನಲ್ಲಿ 'ಗುರುವಾರ ಎರಡೂವರೆ, ಕ್ರೂಸೆ' ಅಂತಿದೆ. ಇದ್ರೀಸನದರಲ್ಲಿ ಇಲ್ಲ."

ಮೆಲ್ರಾಯ್ ಇಂಥದ್ದನ್ನೆಲ್ಲ ಹೇಳಿಕೊಳ್ಳುವವನಲ್ಲ, ನಾನೇ ಹೇಳಿದೆ. ಕ್ರೂಸೆ ಅಜ್ಜಿ ಇರುವುದು ವೃದ್ಧಾಶ್ರಮದಲ್ಲಿ. ಎರಡು ವರ್ಷದಿಂದ ಪ್ರತಿ ಗುರುವಾರ ಅವರ ಗಾಲಿಕುರ್ಚಿ ತಳ್ಳಿಕೊಂಡು ಸಂತೆಗೆ ಕರೆದೊಯ್ಯುವವನು ಇವನೇ.

ಅಧ್ಯಕ್ಷೆ ಗಡಿಯಾರ ನೋಡಿದರು. ಎರಡು ಇಪ್ಪತ್ತು. "ಮತ್ತೆ ಇಲ್ಲೇಕೆ ನಿಂತಿದ್ದೀರಿ?"

ಓಡಿದೆವು. ಹೆಲ್ಮೆಟ್ಟಿಲ್ಲ, ಚೆಂಡಿಲ್ಲ, ಅಂಥ ಓಟವನ್ನು ನಮ್ಮ ಕೋಚ್ ನೋಡಿಯೇ ಇಲ್ಲ. ಅಜ್ಜಿ ಟೋಪಿ ಹಾಕಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದರು. "ಐದು ನಿಮಿಷ ತಡ," ಎಂದು ಗದರಿದರು. ಆ ಬೈಗುಳ ಕೇಳಿ ನನಗೆ ಅಳು ಬಂತು. ಅತ್ತುಬಿಟ್ಟೆ, ನಾಚಿಕೆಯೇನಿಲ್ಲ.

ಕಣ್ಣೊರೆಸಿಕೊಂಡು ಮುಂದೆ ಹೊರಟೆ.

"ಇದ್ರೀಸ್," ಹಿಂದಿನಿಂದ ಮೆಲ್ರಾಯ್ ಕರೆದ. "ಸಂತೆ ಬಲಕ್ಕೆ ಉಂಟು ಮಾರಾಯಾ."