ಎಳೆಯದ ಗೆರೆ

ಬಿರುಗಾಳಿ ಬಂದು ಹೋಗಿ ನಾಲ್ಕು ತಿಂಗಳಾಗಿತ್ತು. ಗಾಳಿಗೇನು, ಒಂದು ಗಂಟೆ ಕುಣಿದು ಹೋಯಿತು. ಅದು ಕೆಡವಿದ್ದನ್ನು ಎತ್ತುವವರ ಸೊಂಟ ಮಾತ್ರ ಇನ್ನೂ ನೆಟ್ಟಗಾಗಿರಲಿಲ್ಲ. ಗುಡ್ಡದ ತುಂಬ ಮರಗಳು ಒಂದರ ಮೇಲೊಂದು ಬಿದ್ದಿದ್ದವು. ಕಂಪನಿಯವರು ದೊಡ್ಡ ಯಂತ್ರ ತಂದಿದ್ದರು. ಅದರ ಉದ್ದನೆಯ ಕೈ ಮರವನ್ನು ಹಿಡಿದು, ಕೊಯ್ದು, ಕೊಂಬೆ ಸವರಿ, ತುಂಡು ಮಾಡಿ ಬಿಸಾಕಲು ಒಂದು ನಿಮಿಷ ಸಾಕು. ಅದರ ಬಾಯಿಗೆ ಹಿಡಿಯದ ದಪ್ಪ ಬುಡಗಳಿಗೆ ಮಾತ್ರ ಗರಗಸದವರು ಬೇಕಿತ್ತು.

ಅವರೆಲ್ಲರ ಮುಂದೆ ನಡೆಯುವವನು ಕೆಂಪುಕೈ. ಇಪ್ಪತ್ತಾರು ವರ್ಷ ಬಣ್ಣದ ಡಬ್ಬಿ ಹಿಡಿದು, ಉಗುರ ಸಂದಿಯ ಕೆಂಪು ಹೋಗದೆ ಬಂದ ಹೆಸರು ಅದು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇವನ ಕೈ ಕೆಂಪಾಯಿತೇ ಹೊರತು ಬಾಯಿಗೆ ಏನೂ ಬಂದಿರಲಿಲ್ಲ.

ಬಿದ್ದ ಮರ ಸತ್ತಂತೆ ಕಾಣುತ್ತದೆ, ಅಷ್ಟೇ. ಮೇಲಿನ ಭಾರಕ್ಕೆ ಬಿಲ್ಲಿನ ಹಾಗೆ ಬಾಗಿರುತ್ತದೆ. ಭಾರ ತೆಗೆದರೆ ಸಿಡಿಯುತ್ತದೆ. ಯಾವುದು ಯಾವ ಕಡೆಗೆ ಸಿಡಿಯುತ್ತದೆಂದು ಕೆಂಪುಕೈ ಅಂಗೈಯಿಟ್ಟು ನೋಡಿ, ಅಲ್ಲೊಂದು ಕೆಂಪು ಗೆರೆ ಎಳೆಯುತ್ತಿದ್ದ. ಗೆರೆ ಇದ್ದದ್ದನ್ನು ಅವನೇ ಬಂದು ಅಳಿಸುವ ತನಕ ಯಾರೂ ಮುಟ್ಟುವಂತಿಲ್ಲ. ಗೆರೆ ಇಲ್ಲದಿದ್ದರೆ ಭಯವಿಲ್ಲ. ಇದನ್ನು ಯಾರೂ ಕಾಗದದಲ್ಲಿ ಬರೆದಿಟ್ಟಿರಲಿಲ್ಲ. ಅಲ್ಲಿ ದುಡಿಯುವವರು ಅಪ್ಪನ ಮಾತನ್ನಾದರೂ ಮೀರಿಯಾರು, ಆ ಗೆರೆಯನ್ನು ಮೀರುತ್ತಿರಲಿಲ್ಲ.

ಹೋದ ವಾರ ಸೂಪರ್‌ವೈಸರ್ ಅವನನ್ನು ಅಲ್ಲಿಂದ ಎಬ್ಬಿಸಿದ.

"ಬಿದ್ದ ಮರ ಸವರ್ತಾ ಕೂತ್ರೆ ಆಗಲ್ಲ. ಹುಳ ಬೀಳೋದ್ರೊಳಗೆ ಸಾಗಿಸ್ಬೇಕು. ನೀನು ಪಕ್ಕದ ಗುಡ್ಡಕ್ಕೆ ಹೋಗು. ನಿಂತಿರೋ ಕಾಡಲ್ಲಿ ಕಡಿಯೋ ಮರಗಳಿಗೆ ಗುರುತು ಹಾಕು."

"ಇಲ್ಲಿ ನೋಡೋರು ಯಾರು ಸಾರ್?"

"ಯಂತ್ರದೊಳಗೆ ಕಂಪ್ಯೂಟರ್ ಇದೆಯಲ್ಲ."

ಕಂಪ್ಯೂಟರ್ ಮರದ ದಪ್ಪ ಅಳೆಯಿತು, ಉದ್ದ ಅಳೆಯಿತು. ಒಳಗಿನ ಬಿಗಿ ಅದಕ್ಕೆಲ್ಲಿ ತಿಳಿಯಬೇಕು? ನಿನ್ನೆ ಮಧ್ಯಾಹ್ನ ಯಂತ್ರ ಮೇಲಿನ ಮರ ಎತ್ತಿದ್ದೇ ತಡ, ಅಡಿಯ ಮರ ಸಿಡಿದು, ಪಕ್ಕದಲ್ಲಿ ಬುಡ ಕೊಯ್ಯುತ್ತಿದ್ದ ಕೆಂಪುಕೈಯ ತಮ್ಮನ ತೊಡೆಗೆ ಬಡಿಯಿತು. ಮೂಳೆ ಎರಡು ಕಡೆ ಮುರಿದಿತ್ತು.

ಸಂಜೆ ಆಸ್ಪತ್ರೆಯಲ್ಲಿ ತಮ್ಮನ ಹೆಂಡತಿ ಬಾಗಿಲಲ್ಲೇ ಹಿಡಿದು ಕೇಳಿದಳು. "ತಪ್ಪು ಇವರದೇ ಅಂತಿದಾರಂತೆ, ಹೌದಾ ಭಾವ? ಹಾಗಾದ್ರೆ ಕಂಪನಿ ಒಂದು ಮಾತ್ರೆನೂ ಕೊಡ್ಸಲ್ವಂತೆ."

ಕೆಂಪುಕೈ ಮಂಚದ ಹತ್ತಿರ ಹೋದ. ತಮ್ಮ ಒಣಗಿದ ತುಟಿ ನೆಕ್ಕಿಕೊಂಡ.

"ಅಣ್ಣ, ನಾನು ಗೆರೆ ಹುಡುಕ್ದೆ ಕಣೋ. ಸುತ್ತ ನೋಡ್ದೆ. ಇರ್ಲಿಲ್ಲ. ಅಣ್ಣ ಆ ಗುಡ್ಡಕ್ಕೆ ಹೋಗೋ ಮುಂಚೆ ಇದನ್ನ ನೋಡಿರ್ತಾನೆ, ಹಾಕಿಲ್ಲ ಅಂದ್ಮೇಲೆ ಭಯ ಇಲ್ಲ ಅಂದ್ಕೊಂಡೆ."

ಕೆಂಪುಕೈ ಬೆಳಗಿನವರೆಗೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದು, ಹಾಗೆಯೇ ಕೆಲಸಕ್ಕೆ ಬಂದ.

ಸೂಪರ್‌ವೈಸರ್ ಅವನನ್ನು ನೇರ ಆ ಸಿಡಿದ ಮರದ ಹತ್ತಿರ ಕರೆದುಕೊಂಡು ಹೋದ. ಹತ್ತು ಮಾರು ದೂರದಲ್ಲಿ ಯಂತ್ರ ಗುರುಗುಡುತ್ತಿತ್ತು.

"ನಾಳೆ ತನಿಖೆಗೆ ಬರ್ತಾರೆ. ಇದರ ಮೇಲೊಂದು ಗೆರೆ ಎಳೆದುಬಿಡು."

"ಈಗ್ಯಾಕೆ ಸಾರ್?"

"ಗೆರೆ ಇತ್ತು, ಅವನೇ ಲೆಕ್ಕಿಸದೆ ನಿಂತಿದ್ದ ಅಂತ ಆಗುತ್ತೆ. ನಿನ್ನ ಕೆಲಸ ಉಳಿಯುತ್ತೆ. ಇಲ್ಲದಿದ್ರೆ ಗುರುತು ಯಾಕೆ ಹಾಕಿಲ್ಲ ಅಂತ ನಿನ್ನನ್ನೇ ಕೇಳ್ತಾರೆ."

"ನನ್ನನ್ನ ಪಕ್ಕದ ಗುಡ್ಡಕ್ಕೆ ಕಳ್ಸಿದ್ದು ನೀವು."

"ಬರೆದು ಕೊಟ್ಟಿದ್ದೀನಾ?"

ಕೆಂಪುಕೈಗೆ ಸಿಟ್ಟು ಕೂಡ ಬರಲಿಲ್ಲ, ಅಷ್ಟು ದಣಿದಿದ್ದ. ಇಪ್ಪತ್ತಾರು ವರ್ಷದಲ್ಲಿ ಒಂದೂ ಸುಳ್ಳು ಗೆರೆ ಎಳೆದವನಲ್ಲ. ಇವತ್ತು ಎಳೆದರೆ, ಗೆರೆ ಹುಡುಕಿದ ತಮ್ಮ ಸುಳ್ಳುಗಾರನಾಗುತ್ತಾನೆ, ಬಿಡಿಗಾಸಿಲ್ಲದೆ ಕುಂಟನಾಗಿ ಮನೆಗೆ ಹೋಗುತ್ತಾನೆ. ಡಬ್ಬಿಯ ಮುಚ್ಚಳ ತೆಗೆದ. ಕುಂಚ ಅದ್ದಿದ. ಮರವನ್ನು ದಾಟಿ ಹೋಗಿ, ಯಂತ್ರದ ಹಳದಿ ಬಾಗಿಲ ಮೇಲೆ ಈ ತುದಿಯಿಂದ ಆ ತುದಿಗೆ ಗೆರೆ ಎಳೆದ.

ಯಂತ್ರದ ಡ್ರೈವರ್ ನಿನ್ನೆಯಿಂದ ಅನ್ನ ಮುಟ್ಟಿರಲಿಲ್ಲ. ಗೆರೆ ನೋಡಿದ. ಎಂಜಿನ್ ಆರಿಸಿ ಕೆಳಗಿಳಿದ. ಆ ಸದ್ದು ನಿಂತದ್ದು ಕೇಳಿ ಗರಗಸದವರೂ ಒಬ್ಬೊಬ್ಬರಾಗಿ ಗರಗಸ ನಿಲ್ಲಿಸಿದರು.

"ಹತ್ತೋ ಮೇಲೆ," ಎಂದ ಸೂಪರ್‌ವೈಸರ್.

"ಗೆರೆ ಇದೆ ಸಾರ್."

ಸೂಪರ್‌ವೈಸರ್ ಜೇಬಿನಿಂದ ಕರವಸ್ತ್ರ ತೆಗೆದು ಹಸಿ ಬಣ್ಣವನ್ನು ತಾನೇ ಗಸಗಸ ಒರೆಸಿದ. "ನೋಡು, ಈಗಿಲ್ಲ. ಹತ್ತು."

ಕೆಂಪುಕೈ ಆಗಲೇ ಹೋಗಿ ಆ ಮರದ ಮೇಲೆ ಕೂತಿದ್ದ. ಡ್ರೈವರ್ ಅವನ ಪಕ್ಕ ಹೋಗಿ ಕೂತು ಹೇಳಿದ.

"ಗೆರೆ ಇಲ್ಲ ಅನ್ನೋದನ್ನ ನಂಬಿದ್ದಕ್ಕೇ ಅವನು ಆಸ್ಪತ್ರೆಲಿ ಮಲಗಿರೋದು ಸಾರ್."

ಗರಗಸದವರು ಬಂದರು. "ಸ್ವಲ್ಪ ಸರೀರಪ್ಪ," ಎನ್ನುತ್ತ ಒಬ್ಬರ ಪಕ್ಕ ಒಬ್ಬರು ಕೂತರು. ಬುಡದಿಂದ ತುದಿಯ ತನಕ, ಆ ಮರದ ಮೇಲೆ ಗೆರೆ ಎಳೆಯಲು ಗೇಣು ಜಾಗವೂ ಉಳಿಯಲಿಲ್ಲ.